ಮಳೆಗಾಲದಲ್ಲಿ ಕಂಟ್ರೋಲ್ ನೊಣಗಳೂ ಹತ್ತುತ್ತಿಲ್ಲ (ಅಲ್ಝೈಮರ್ ಮಾದರಿ, ಕಾರವಾರ)

ಕಾಳಿದಂಡೆ:
ನರಕೋಶದಲ್ಲಿ ಎಬೀಟಾ42 (ಅಲ್ಝೈಮರ್ ರೋಗಿಗಳ ಮೆದುಳಲ್ಲಿ ಗಂಟುಗಟ್ಟುವ ಪ್ರೋಟೀನ್ ತುಣುಕು) ತಯಾರಾಗುವ ಹಣ್ಣುನೊಣ ಸಾಕುತ್ತಿದ್ದೇವೆ. ಎಲಾವ್-ಗಾಲ್4 (ನರಕೋಶದಲ್ಲಿ ಜೀನ್ ಚಾಲೂ ಮಾಡುವ ಡ್ರೈವರ್) ಹೆಣ್ಣು, ಯುಎಎಸ್-ಎಬೀಟಾ42 (ಗಾಲ್4 ಇದ್ದರೆ ಮಾತ್ರ ಚಾಲೂ ಆಗುವ ಜೀನ್) ಗಂಡು. 20ನೇ ದಿನ ಇವು ಕೊಳವೆ ಹತ್ತಲು ಸೋಲುತ್ತವೆ, ಸರಿ. ಆದರೆ ಜೂನ್‌ನಿಂದ ಕಂಟ್ರೋಲ್‌ಗೆ (ಹೋಲಿಕೆಗೆ) ಇಟ್ಟ ಕ್ಯಾಂಟನ್-ಎಸ್ (ಮಾಮೂಲು ಲ್ಯಾಬ್ ತಳಿ) ಕೂಡ ತಳದಲ್ಲೇ ಕೂರುತ್ತವೆ. ವೈಯಲ್ (ನೊಣ ಸಾಕುವ ಶೀಶೆ) ಒಳಗೆ ನೀರಹನಿ, ಆಹಾರಕ್ಕೆ ಬೂಷ್ಟು. ಇನ್‌ಕ್ಯುಬೇಟರ್ 25 ಡಿಗ್ರಿಗೆ ಇಟ್ಟಿದೆ, ಕರೆಂಟ್ ಮಾತ್ರ ದಿನಾ ಕೈಕೊಡುತ್ತದೆ. ಎಲ್ಲಿಂದ ಹುಡುಕುವುದು?

ಘಟ್ಟದಮೇಲೆ:
ಮೊದಲು ಆಹಾರ. 1 ಲೀಟರ್ ನೀರಿಗೆ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಅಗರ್ (ಆಹಾರ ಗಟ್ಟಿ ಮಾಡುವ ಪುಡಿ) 10 ಗ್ರಾಂ, ಪ್ರೊಪಿಯಾನಿಕ್ ಆಮ್ಲ 7.5 ಮಿ.ಲೀ. ನಮ್ಮ ಕಡೆಯ ಜೋನಿ ಬೆಲ್ಲ ಬೇಡ. ಅದರಲ್ಲಿ ನೀರಿನಂಶ ಒಂದೊಂದು ಡಬ್ಬಕ್ಕೆ ಒಂದೊಂದು ಥರ, ಅಗರ್ ಸಡಿಲವಾಗುತ್ತದೆ. ಅಚ್ಚು ಬೆಲ್ಲ ಹಾಕಿ. ಆಮ್ಲವನ್ನು 60 ಡಿಗ್ರಿಗಿಂತ ಕೆಳಗೆ ತಣಿದ ಮೇಲೆಯೇ ಬೆರೆಸಿ, ಕುದಿಯುವಾಗ ಹಾಕಿದರೆ ಆವಿಯಾಗಿ ಬೂಷ್ಟು ತಡೆಯಲು ಸಾಕಷ್ಟು ಉಳಿಯುವುದಿಲ್ಲ. ವೈಯಲ್‌ಗೆ ಸುರಿದು ತೆಳು ಬಟ್ಟೆ ಮುಚ್ಚಿ ಇಡೀ ರಾತ್ರಿ ಎಸಿ ಕೋಣೆಯಲ್ಲಿಡಿ. ಆಷಾಢದ ಗಾಳಿಯಲ್ಲಿ ಹೊರಗಿಟ್ಟರೆ ಒಣಗುವ ಮಾತೇ ಇಲ್ಲ. ಬಿಸಿ ಇರುವಾಗಲೇ ಹತ್ತಿ ತುರುಕಿದರೆ ಒಳಗೆ ಹನಿ ಕಟ್ಟುತ್ತದೆ, ನೊಣ ಅಂಟಿ ಸಾಯುತ್ತದೆ, ಅದು ಕಾಯಿಲೆಯ ಲೆಕ್ಕಕ್ಕೆ ಸೇರುತ್ತದೆ. ವೈಯಲ್‌ಗೆ 20 ನೊಣ, 2-3 ದಿನಕ್ಕೊಮ್ಮೆ ಹೊಸ ಆಹಾರ. ಬೂಷ್ಟಿನ ಹಿಂದೆಯೇ ಮೈಟ್ (ನುಸಿ) ಬರುತ್ತದೆ, ಅಂಥ ವೈಯಲ್ ಫ್ರೀಜರ್‌ಗೆ ಹೋಗಲಿ.

ನೊಣಗಣಿತ:
ಕ್ಯಾಂಟನ್-ಎಸ್ ಇಲ್ಲಿ ಕಂಟ್ರೋಲೇ ಅಲ್ಲ, ಅದರ ವಂಶಹಿನ್ನೆಲೆಯೇ ಬೇರೆ. ಎಲಾವ್-ಗಾಲ್4 ಅನ್ನು ಡಬ್ಲ್ಯು1118 ಎಂಬ ಬಿಳಿಗಣ್ಣಿನ ಲ್ಯಾಬ್ ತಳಿಗೆ, ಯುಎಎಸ್-ಎಬೀಟಾ42 ಅನ್ನೂ ಡಬ್ಲ್ಯು1118ಗೆ ಕೂಡಿಸಿ, ಎರಡೂ ಬೇಕು. ನಿಮ್ಮ ಎಲಾವ್ ಸಿ155 ಎಂಬ ತಳಿಯದಾದರೆ ಅದು ಎಕ್ಸ್ ಕ್ರೋಮೋಸೋಮ್ ಮೇಲಿದೆ. ಕ್ರಾಸ್ (ಕೂಡಿಕೆ) ತಿರುವುಮುರುವಾದರೆ, ಅಂದರೆ ಎಲಾವ್ ಗಂಡಿನ ಕಡೆಯಿಂದ ಬಂದರೆ, ಗಂಡುಮರಿಗಳಿಗೆ ಡ್ರೈವರ್ ಸಿಗುವುದಿಲ್ಲ.

ಪರೀಕ್ಷೆ ಒಣ ಖಾಲಿ ಕೊಳವೆಯಲ್ಲಿ: 10 ನೊಣ, ಅರಿವಳಿಕೆ ಕೊಟ್ಟು 24 ಗಂಟೆ ಕಳೆದ ಮೇಲೆ, ದಿನವೂ ಒಂದೇ ಹೊತ್ತಿಗೆ. ತಟ್ಟಿ ಕೆಳಗಿಳಿಸಿ, 10 ಸೆಕೆಂಡಿನಲ್ಲಿ 8 ಸೆಂ.ಮೀ. ಗೆರೆ ದಾಟಿದವನ್ನು ಎಣಿಸಿ. ನಿಮಿಷದ ಬಿಡುವು ಕೊಟ್ಟು ಮತ್ತೆರಡು ಸಲ, ಆಮೇಲೆ ಸರಾಸರಿ. ಅಂಕಿಅಂಶದಲ್ಲಿ ಕೊಳವೆಯೇ ಒಂದು ಘಟಕ, ಒಂದೊಂದು ನೊಣವಲ್ಲ.

ಕರೆಂಟ್ ವಿಷಯ ಹಗುರ ಮಾಡಬೇಡಿ. ಗಾಲ್4 29 ಡಿಗ್ರಿಯಲ್ಲಿ 25ಕ್ಕಿಂತ ಜೋರು. ಶಾಖ ಏರಿದರೆ ಎಬೀಟಾ ಹೆಚ್ಚುತ್ತದೆ, ನೊಣದ ಮುಪ್ಪೂ ಬೇಗ. ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಒಳಗಿಡಿ.

ಅಘನಾಶಿನಿ:
ಹತ್ತುವುದು ಚಲನೆಯ ಪರೀಕ್ಷೆ, ಮರೆವಿನದ್ದಲ್ಲ. ವರದಿಯಲ್ಲಿ ಡಿಮೆನ್ಶಿಯಾ ಎಂದು ಬರೆಯಬೇಕಿದ್ದರೆ ಬೆಳಕು ಮತ್ತು ಕ್ವಿನೈನ್ ಕಹಿಯನ್ನು ಜೋಡಿಸಿ ಕಲಿಸುವ ಪರೀಕ್ಷೆಯನ್ನೂ ಸೇರಿಸಿ. ಅದಕ್ಕೆ ಮೊದಲು ಮುದಿನೊಣ ಬೆಳಕಿನ ಕಡೆ ಹೋಗುತ್ತದೆಯೇ ನೋಡಿಕೊಳ್ಳಿ. ಇನ್ನೊಂದು: ಎಲಾವ್ ಭ್ರೂಣದಿಂದಲೇ ಚಾಲೂ ಇರುವುದರಿಂದ ಬೆಳವಣಿಗೆಯ ದೋಷ ಮುಪ್ಪಿನ ವೇಷ ಹಾಕಿ ಬರಬಹುದು. ಎಲಾವ್-ಜೀನ್‌ಸ್ವಿಚ್ (ಔಷಧಿ ಕೊಟ್ಟಾಗ ಮಾತ್ರ ಚಾಲೂ ಆಗುವ ಡ್ರೈವರ್) ಸಿಕ್ಕರೆ ಪ್ರೌಢ ನೊಣಕ್ಕೆ ಮಾತ್ರ ಆಹಾರದಲ್ಲಿ ಆ ಔಷಧಿಯಾದ ಆರ್‌ಯು486 ಕೊಡಿ. ಅದೇ ಕ್ರಾಸ್‌ನ ಅಣ್ಣತಮ್ಮಂದಿರಿಗೆ ಬರೀ ಎಥನಾಲ್ (ಆ ಔಷಧಿ ಕರಗಿಸುವ ದ್ರಾವಕ) ಬೆರೆಸಿದ ಆಹಾರ ಕೊಟ್ಟರೆ ವಂಶಹಿನ್ನೆಲೆಯ ತಕರಾರೂ ಮುಗಿಯಿತು.