ಫೈಲ್ ಫಾರ್ಮ್ಯಾಟ್‌ಗೆ ‘ಅಚ್ಚು’ ಅನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿ ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿದೆ. ಅದನ್ನು ನೋಡಿಕೊಳ್ಳುವವರಿಗೆ ಅಂತ ನಾನು ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆದಿದ್ದೆ. ‘ಕಚೇರಿಯ ಹಳೇ ಕಂಪ್ಯೂಟರಿಗೆ ಹಾಕುವ ಮೊದಲು ಕಡತದ ಸ್ವರೂಪ ಬದಲಿಸಿ’ ಅನ್ನುವುದು ಅದರಲ್ಲಿ ಒಂದು ಸಾಲು. ಫೈಲ್ ಫಾರ್ಮ್ಯಾಟ್‌ಗೆ, ಅಂದರೆ ಫೈಲಿನೊಳಗೆ ಮಾಹಿತಿ ಜೋಡಿಸಿಡುವ ರೀತಿಗೆ, ನಾನು ‘ಸ್ವರೂಪ’ ಅಂದಿದ್ದೆ. ಖಜಾಂಚಿಯವರು ಓದಿದರು. ಫೈಲಿನ ಹೆಸರಿನ ತುದಿಯಲ್ಲಿದ್ದ ‘ಎಸಿಸಿಡಿಬಿ’ ಅಳಿಸಿ, ಹಳೇ ಆಕ್ಸೆಸ್ ಫೈಲುಗಳಿಗಿರುವ ‘ಎಂಡಿಬಿ’ ಅಂತ ಟೈಪ್ ಮಾಡಿದರು. ಕಚೇರಿಯ ಆಕ್ಸೆಸ್ 2003 ಅದನ್ನು ತೆರೆಯಲೇ ಇಲ್ಲ. ಮರುದಿನ ಸಭೆಯ ನೋಟಿಸು ಅಂಚೆಗೆ ಹೋಗಬೇಕಿತ್ತು. ಪಾಪ, ರಾತ್ರಿ ಹತ್ತರವರೆಗೂ ಕೂತು ವಿಳಾಸಗಳನ್ನು ಕೈಯಲ್ಲೇ ಬರೆದರು.

ಇದಕ್ಕೆ ನನ್ನ ಪದವೇ ಕಾರಣ. ಸ್ವರೂಪ ಅಂದರೆ ಕಣ್ಣಿಗೆ ಕಾಣುವ ರೂಪ ಅಲ್ವಾ? ಕಂಡದ್ದನ್ನು ಅವರು ಬದಲಿಸಿದರು. ಆದರೆ 2007ರ ಆಕ್ಸೆಸ್ ಜೊತೆ ಬಂದ ಎಸಿಸಿಡಿಬಿಯಲ್ಲಿ ಒಳಗಿನ ಜೋಡಣೆಯೇ ಬೇರೆ. ಸದಸ್ಯರ ಫೋಟೋಗಳನ್ನು ಅಟ್ಯಾಚ್‌ಮೆಂಟ್ ಆಗಿ ಇಟ್ಟಿದ್ದರಂತೂ ಅದನ್ನು ಹಾಗೇ ಎಂಡಿಬಿಗೆ ತಿರುಗಿಸಲೂ ಆಗುವುದಿಲ್ಲ. ಎಂಡಿಬಿಯಲ್ಲಿ ಅಂಥದ್ದಕ್ಕೆ ಜಾಗವೇ ಇಲ್ಲ.

ಫೈಲಿಗೆ ‘ಕಡತ’ ಅನ್ನುವುದಕ್ಕೆ ನನಗೆ ತಕರಾರಿಲ್ಲ. ಹಿಂದಿನ ಕಾಲದ ಕಡತ ಅಂದರೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಾದ ಬಟ್ಟೆ, ಮಡಿಕೆ ಮಡಿಕೆಯಾಗಿ ತೆರೆಯುವ ಲೆಕ್ಕದ ಪುಸ್ತಕ. ಬಳಪದಲ್ಲಿ ಬರೆದು, ಅಳಿಸಿ, ಅಲ್ಲೇ ಮತ್ತೆ ಬರೆಯಬಹುದಿತ್ತು. ಡೇಟಾಬೇಸ್ ಫೈಲಿಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿ ಸಿಗುತ್ತದೆ?

ತೊಡಕಿರುವುದು ಫಾರ್ಮ್ಯಾಟ್‌ನಲ್ಲಿ. ‘ನಮೂನೆ’ ಅಂದರೆ ಅರ್ಜಿ ಫಾರಂ ಆಗುತ್ತದೆ, ಆಕ್ಸೆಸ್‌ನಲ್ಲಿ ಫಾರ್ಮ್ ಅನ್ನುವುದು ಬೇರೆಯೇ ಇದೆ. ಮರಾಠಿ ಕೇಳಿ ಬೆಳೆದ ನಮ್ಮ ಹುಡುಗರಿಗಂತೂ ನಮೂನೆ ಅಂದರೆ ಸ್ಯಾಂಪಲ್. ‘ವಿನ್ಯಾಸ’ ಡಿಸೈನ್ ಕಡೆ ಎಳೆಯುತ್ತದೆ. ‘ಬಗೆ’ ಪರವಾಗಿಲ್ಲ, ಆದರೆ ಬದಲಿಸಲು ಏನು ಮಾಡಬೇಕು ಅನ್ನುವುದು ಅದರಲ್ಲಿ ಹೊಳೆಯುವುದಿಲ್ಲ.

ಅದಕ್ಕೇ ‘ಅಚ್ಚು’ ಮನಸ್ಸಿಗೆ ಬಂತು. ಅಚ್ಚುಬೆಲ್ಲದ ಅಚ್ಚು. ಉಂಡೆ ಬೆಲ್ಲವನ್ನು ಅಚ್ಚುಬೆಲ್ಲ ಮಾಡಬೇಕಾದರೆ ಡಬ್ಬಿಯ ಮೇಲಿನ ಚೀಟಿ ಬದಲಿಸಿದರೆ ಸಾಲದು. ಕರಗಿಸಿ ಮತ್ತೆ ಎರೆಯಬೇಕು. ‘ಎಂಡಿಬಿ ಅಚ್ಚಿಗೆ ಎರೆಯಿರಿ’ ಅಂತ ಬರೆದಿದ್ದರೆ ಖಜಾಂಚಿಯವರು ‘ಹೇಗೆ?’ ಅಂತ ಫೋನ್ ಮಾಡುತ್ತಿದ್ದರು. ಸೇವ್ ಆ್ಯಸ್‌ನಲ್ಲಿ ಹಳೇ ಅಚ್ಚು ಆರಿಸಿ ಅಂತ ನಾನು ಹೇಳುತ್ತಿದ್ದೆ.

ಎರಡು ಅನುಮಾನ ಇವೆ. ‘ಪಟ್ಟಿ ಅಚ್ಚು ಹಾಕಿಸಿ’ ಅಂದರೆ ಎಲ್ಲರಿಗೂ ಪ್ರಿಂಟ್ ಅಂತಲೇ ಕೇಳಿಸುತ್ತದೆ. ಇನ್ನೊಂದು, ಫಾಕ್ಸ್‌ಪ್ರೋ ಅನ್ನುವ ಹಳೇ ಡೇಟಾಬೇಸ್ ತಂತ್ರಾಂಶದಲ್ಲಿರುವ ನಮ್ಮ ಹಿಂದಿನ ಪಟ್ಟಿ. ಅದರಲ್ಲಿ ಹೆಸರು, ವಿಳಾಸ ಡಿಬಿಎಫ್ ಫೈಲಿನಲ್ಲಿ. ಉದ್ದನೆಯ ಟಿಪ್ಪಣಿ ಎಫ್‌ಪಿಟಿ ಅನ್ನುವ ಜೊತೆ ಫೈಲಿನಲ್ಲಿ. ಡಿಬಿಎಫ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಟಿಪ್ಪಣಿ ಅಲ್ಲೇ ಉಳಿಯುತ್ತದೆ. ಹೀಗೆ ಎರಡು ಕಡತ ಸೇರಿ ಆದದ್ದನ್ನು ಒಂದು ಅಚ್ಚು ಅನ್ನಬಹುದಾ?

‘ಎರಕ’ ವಾಸಿಯೇ? ಅಥವಾ ನಿಮ್ಮ ಊರಿನ ಆಲೆಮನೆಯಲ್ಲಿ, ಕಮ್ಮಾರಸಾಲೆಯಲ್ಲಿ ಬೇರೆ ಮಾತಿದೆಯೇ? ಕೈಪಿಡಿಯನ್ನು ಮತ್ತೆ ಜೆರಾಕ್ಸ್‌ಗೆ ಕೊಡುವ ಮೊದಲು ತಿಳಿಸಿ.