ಅಪ್‌ಡೇಟ್: ಕಾಗದದ ಗರಿಯಿಂದ 'ಗ' ಕಲಿಸಿದ್ದು

ನಮ್ಮ ಬಾಲವಾಡಿಯ ನಾಲ್ಕು ವರ್ಷದ ಮಕ್ಕಳು 'ಗ' ಮತ್ತು 'ರ' ನಡುವೆ ಗಲಿಬಿಲಿ ಮಾಡಿಕೊಳ್ಳುತ್ತಾರೆ, ಕಾಗದದ ಕೆಲಸದ ಮೂಲಕ ಹೇಗೆ ಕಲಿಸಲಿ ಅಂತ ಕೇಳಿದ್ದೆ. ಗಿಣಿ ಬೇಡ, ಅದು 'ಗಿ' ಆಗುತ್ತೆ, ಗರಿ ತಗೊಳ್ಳಿ ಅಂದಿದ್ದರು ಒಬ್ಬರು. ಅದನ್ನೇ ಹಿಡಿದುಕೊಂಡೆ.

ಹಳೇ ಲಗ್ನಪತ್ರಿಕೆಗಳಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಕೊಟ್ಟೆ. ಮಕ್ಕಳು ಅದನ್ನು ಕಮಾನಿನ ಹಾಗೆ ಬಗ್ಗಿಸಿ ಎರಡು ತುದಿಗಳನ್ನೂ ರಟ್ಟಿಗೆ ಅಂಟಿಸಿದರು. ಹಸಿರು ಕಾಗದದ ಗರಿಯನ್ನು ಮಾತ್ರ ಕೊನೆಗೆ ಕೊಟ್ಟೆ, ತಲೆಕಟ್ಟಿನ ಜಾಗಕ್ಕೆ ಅಂಟಿಸಲು. ಇದರಿಂದಲೇ ಕೆಲಸ ಆಗಿದ್ದು! ತಲೆ ಎಲ್ಲಿ ಅಂತ ಗೊತ್ತಾದ ಮೇಲೆ ಅಕ್ಷರ ತಲೆಕೆಳಗಾಗಲಿಲ್ಲ. ಒಬ್ಬಳು ಪುಟಾಣಿ ಕಮಾನಿನ ಕೆಳಗೆ ಬೆರಳು ತೂರಿಸಿ, "ಮಿಸ್, ಇದಕ್ಕೆ ಬಾಗಿಲಿದೆ, 'ರ'ಗೆ ಇಲ್ಲ" ಅಂದಳು. ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಹೇಳಲಾಗದ ವ್ಯತ್ಯಾಸ ಅದು.

ಗರಿಯ ಅಂಚನ್ನು ಸಣ್ಣಗೆ ಸೀಳುವುದು ಈ ವಯಸ್ಸಿಗೆ ಕಷ್ಟ. ಕತ್ತರಿ ಬಿಟ್ಟು ಕೈಯಲ್ಲೇ ಹರಿಯಲಿ, ಬೆರಳಿಗೂ ಒಳ್ಳೇ ಅಭ್ಯಾಸ. ಅಂಟಿಗೆ ಮೈದಾ ಗಂಜಿ ಸಾಕು, ಬಾಯಿಗಿಟ್ಟರೂ ಭಯವಿಲ್ಲ.

ಮಗ್ಗಿಯ ಹಾಗೆ 'ಅ'ದಿಂದ ಸಾಲಾಗಿ ಹೋಗಬೇಕು ಅಂತ ಕೆಲವು ಪೋಷಕರು ಕೇಳಿದರು. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯಲ್ಲೂ ರ, ಗ, ಸ, ದ, ಅ ಕ್ರಮವೇ ಇರುವುದನ್ನು ತಿಳಿಸಿದೆ, ಒಪ್ಪಿದರು. ಮುಂದಿನದು 'ಸ'. ಕಾಗದದ ಬಳೆಗಳನ್ನು ಕೋದು 'ಸರ' ಮಾಡಿಸೋಣ ಅಂತಿದ್ದೇನೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಧನ್ಯವಾದ.