ಕೊಬಾಲ್ ಬಡ್ಡಿ ಲೆಕ್ಕ ಎಫ್ ಶಾರ್ಪ್‌ಗೆ ತಂದ ಮೇಲೆ ಪೈಸೆ ತಾಳೆಯಾಗುತ್ತಿಲ್ಲ

ಹಳೇಬೇರು:
ಐಬಿಎಂ ಮೇನ್‌ಫ್ರೇಮ್‌ನಲ್ಲಿ ಓಡುವ ಬಡ್ಡಿ ಲೆಕ್ಕದ ಬ್ಯಾಚ್ ಪ್ರೋಗ್ರಾಂ, ಸುಮಾರು 4,000 ಸಾಲು ಕೊಬಾಲ್ (ಹಳೆಯ ಪ್ರೋಗ್ರಾಮಿಂಗ್ ಭಾಷೆ). ಅದನ್ನು ಎಫ್ ಶಾರ್ಪ್ ಭಾಷೆಯಲ್ಲಿ ಹೊಸದಾಗಿ ಬರೆಯುತ್ತಿದ್ದೇವೆ. ಹಣಕ್ಕೆಲ್ಲ ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಟೈಪೇ, ಅಂದಾಜಾಗಿ ಇಡುವ ಫ್ಲೋಟ್ ಎಲ್ಲೂ ಇಲ್ಲ. ಆದರೂ ಕೆಲವು ಖಾತೆಗಳಲ್ಲಿ ಒಂದು ಪೈಸೆ, ಕೆಲವದರಲ್ಲಿ ರೂಪಾಯಿಗಟ್ಟಲೆ ವ್ಯತ್ಯಾಸ. ಎಲ್ಲಿಂದ ಹುಡುಕಬೇಕು? ಹಾಗೇ, ರಿಡಿಫೈನ್ಸ್ (ಅದೇ ಬೈಟುಗಳನ್ನು ಬೇರೆ ಬೇರೆ ವಿನ್ಯಾಸದಲ್ಲಿ ಓದುವುದು) ಇರುವ ರೆಕಾರ್ಡನ್ನು ಯಾವ ಟೈಪ್‌ಗೆ ತರೋದು?

ಸಾಲುಮರ:
ಎರಡು ವ್ಯತ್ಯಾಸಕ್ಕೂ ಕಾರಣ ಬೇರೆ ಬೇರೆ ಇರಬೇಕು. ಪೈಸೆಯದು ರೌಂಡಿಂಗ್. ಕೊಬಾಲ್‌ನಲ್ಲಿ ರೌಂಡೆಡ್ ಅಂತ ಬರೆದಿದ್ದರೆ 2.345 ಎಂಬುದು 2.35 ಆಗುತ್ತೆ, ಎಫ್ ಶಾರ್ಪ್ ಓಡುವ ಡಾಟ್‌ನೆಟ್‌ನ ಮ್ಯಾಥ್.ರೌಂಡ್ ಸುಮ್ಮನೆ ಕರೆದರೆ ಸಮಸಂಖ್ಯೆಯ ಕಡೆ ವಾಲಿ 2.34 ಕೊಡುತ್ತೆ. ಮಿಡ್‌ಪಾಯಿಂಟ್‌ರೌಂಡಿಂಗ್.ಅವೇಫ್ರಮ್‌ಝೀರೋ ಕೊಡಿ. ರೌಂಡೆಡ್ ಇಲ್ಲದ ಕಡೆ ಕೊಬಾಲ್ ಕತ್ತರಿಸುತ್ತೆ, ಅಲ್ಲಿ ಟ್ರಂಕೇಟ್ ಬೇಕು. ಫ್ಲೋರ್ ಬೇಡ: -2.347 ಕತ್ತರಿಸಿದರೆ -2.34, ಫ್ಲೋರ್‌ನಲ್ಲಿ -2.35.

ರೂಪಾಯಿಯದು ಬಹುಶಃ ಭಾಗಾಕಾರ. ಕೊಬಾಲ್‌ನ ಲೆಕ್ಕದ ಸಾಲು ಕಂಪ್ಯೂಟ್‌ನ ಮಧ್ಯದ ಫಲಿತಾಂಶಕ್ಕೆ ಎಷ್ಟು ದಶಮಾಂಶ ಸ್ಥಾನ ಅನ್ನೋದನ್ನು ಐಬಿಎಂ ಕಂಪೈಲರ್ ಆ ಸಾಲಿನ ಫೀಲ್ಡ್‌ಗಳ ಪಿಕ್ಚರ್ (ಎಷ್ಟು ಅಂಕಿ, ಎಷ್ಟು ದಶಮಾಂಶ ಅಂತ ಹೇಳುವ ಘೋಷಣೆ) ನೋಡಿ ನಿರ್ಧರಿಸುತ್ತೆ. ಎ / ಬಿ * 100, ಎರಡೂ ಪೂರ್ಣಾಂಕ, ಫಲಿತಾಂಶ ವಿ99, ಅಂದರೆ ಎರಡು ದಶಮಾಂಶ, ಅಂದುಕೊಳ್ಳಿ. 1 ಮತ್ತು 3 ಇದ್ದರೆ ಕೊಬಾಲ್ ಮೊದಲು 0.33 ಇಟ್ಟುಕೊಂಡು 33.00 ಬರೆಯುತ್ತೆ. ಎಫ್ ಶಾರ್ಪ್ 33.33 ಅನ್ನುತ್ತೆ. ಭಾಗಾಕಾರ ಇರುವ ಪ್ರತಿ ಕಂಪ್ಯೂಟ್ ಸಾಲನ್ನೂ ಹುಡುಕಿ, ಭಾಗಿಸಿದ ತಕ್ಷಣ ಅಷ್ಟೇ ಸ್ಥಾನಕ್ಕೆ ಕತ್ತರಿಸುವ ಫಂಕ್ಷನ್ ಹಾಕಿ. ಗಣಿತದ ಪ್ರಕಾರ ಹಳೆಯ ಉತ್ತರವೇ ತಪ್ಪು, ನಿಜ. ಆದರೆ ಅದನ್ನು ತಿದ್ದೋದು ಬೇರೆ ಬದಲಾವಣೆ. ಈಗಲೇ ಬೆರೆಸಿದರೆ ಯಾವ ವ್ಯತ್ಯಾಸ ನಿಮ್ಮ ಬಗ್, ಯಾವುದು ಹಳೆಯದು ಅಂತ ಬಿಡಿಸಲು ಆಗಲ್ಲ.

ಕಾಗುಣಿತ:
ರಿಡಿಫೈನ್ಸ್‌ಗೆ ಡಿಸ್ಕ್ರಿಮಿನೇಟೆಡ್ ಯೂನಿಯನ್ (ಹಲವು ರೂಪಗಳಲ್ಲಿ ಒಂದಾಗಿರುವ ಟೈಪ್) ಸರಿ. ರೆಕಾರ್ಡ್ ಟೈಪ್ ಹೇಳುವ ಫೀಲ್ಡನ್ನು ಮೊದಲು ಓದಿ, ಅದರ ಮೇಲೆ ಮ್ಯಾಚ್ ಮಾಡಿ. ಮ್ಯಾಚ್‌ನಲ್ಲಿ ಕೇಸ್ ಬಿಟ್ಟುಹೋದರೆ ಬರುವ ಎಫ್‌ಎಸ್0025 ಎಚ್ಚರಿಕೆಯನ್ನು ಎರರ್ ಮಾಡಿಬಿಡಿ, ಆಗ ಬಿಟ್ಟುಹೋದ ಕೇಸ್‌ಗೆ ಕಂಪೈಲೇ ಆಗಲ್ಲ. 88 ಲೆವೆಲ್‌ಗಳಿಗೂ (ಫೀಲ್ಡ್‌ನ ಬೆಲೆಗಳಿಗೆ ಕೊಟ್ಟ ಹೆಸರು) ಇದೇ ದಾರಿ.

ಫೈಲನ್ನು ಮಾತ್ರ ಎಬ್ಸಿಡಿಕ್‌ನಿಂದ (ಮೇನ್‌ಫ್ರೇಮ್‌ನ ಅಕ್ಷರ ಸಂಕೇತ) ಆಸ್ಕಿಗೆ ಇಡಿಯಾಗಿ ಬದಲಿಸಿ ತರಬೇಡಿ, ಅರ್ಧ ಬೈಟಿಗೊಂದು ಅಂಕಿ ತುಂಬುವ ಕಾಂಪ್-3 ಬೈಟುಗಳು ಹಾಳಾಗುತ್ತವೆ. ಬೈನರಿಯಾಗಿ ತಂದು ಫೀಲ್ಡ್ ಫೀಲ್ಡ್ ಆಗಿ ಬಿಡಿಸಿ. ಎಸ್9(7)ವಿ99 ಕಾಂಪ್-3 ಅಂದರೆ 5 ಬೈಟು: 1234567.89 ಎಂಬುದು ಹೆಕ್ಸ್‌ನಲ್ಲಿ 12 34 56 78 9ಸಿ. ಕೊನೆಯ ಅರ್ಧ ಬೈಟು ಸಿ ಆದರೆ ಧನ, ಡಿ ಆದರೆ ಋಣ. ಫೀಲ್ಡ್‌ನಲ್ಲಿ 40 40 ಸಿಕ್ಕರೆ ಅದು ಎಬ್ಸಿಡಿಕ್‌ನ ಖಾಲಿ ಜಾಗ, ಸಂಖ್ಯೆ ಅಲ್ಲ. ಸೊನ್ನೆ ಅಂತ ನುಂಗಬೇಡಿ, ರಿಸಲ್ಟ್ ಟೈಪ್‌ನಲ್ಲಿ ಎರರ್ ಆಗಿ ಹೊರಗೆ ಕೊಡಿ.

ಹಳೇಬೇರು:
ಭಾಗಾಕಾರವೇ ಸರ್, ದಿನದ ಬಡ್ಡಿಗೆ ವಾರ್ಷಿಕ ದರವನ್ನು 365ರಿಂದ ಮೊದಲೇ ಭಾಗಿಸಿದ್ದಾರೆ. ಕತ್ತರಿಸಿದ ಮೇಲೆ ರೂಪಾಯಿ ವ್ಯತ್ಯಾಸ ಹೋಯಿತು. ಆದರೆ ಒಂದು ಸಬ್‌ಪ್ರೋಗ್ರಾಂನಲ್ಲಿ ಮೊದಲ ಖಾತೆ ಸರಿ, ಎರಡನೆಯದರಿಂದ ತಪ್ಪು.

ಸಾಲುಮರ:
ವರ್ಕಿಂಗ್ ಸ್ಟೋರೇಜ್ (ಪ್ರೋಗ್ರಾಂನ ಸ್ವಂತ ವೇರಿಯಬಲ್‌ಗಳ ಭಾಗ) ನೋಡಿ. ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಇನಿಷಿಯಲ್ ಅಥವಾ ಕ್ಯಾನ್ಸಲ್ ಇಲ್ಲದಿದ್ದರೆ ಹಿಂದಿನ ಕಾಲ್‌ನ ಬೆಲೆಗಳು ಮುಂದಿನದಕ್ಕೂ ಹಾಗೇ ಉಳಿಯುತ್ತವೆ. ಓದುವ ಮೊದಲು ಹೊಸ ಬೆಲೆ ಮೂವ್ ಆಗದ ಫೀಲ್ಡ್‌ಗಳನ್ನು ಪಟ್ಟಿ ಮಾಡಿ, ಅವಷ್ಟನ್ನೇ ಒಂದು ರೆಕಾರ್ಡ್‌ಗೆ ಹಾಕಿ, ಖಾತೆಗಳ ಮೇಲೆ ಲಿಸ್ಟ್.ಫೋಲ್ಡ್‌ನ ಸ್ಟೇಟ್ ಆಗಿ ಒಂದು ಖಾತೆಯಿಂದ ಮುಂದಿನದಕ್ಕೆ ಸಾಗಿಸಿ. ಖಾತೆಗಳ ಅನುಕ್ರಮವೂ ಹಳೆಯದೇ ಇರಲಿ: ಎಬ್ಸಿಡಿಕ್‌ನಲ್ಲಿ ವಿಂಗಡಿಸಿದರೆ ಅಕ್ಷರ ಮೊದಲು, ಅಂಕಿ ಆಮೇಲೆ.